ಕೃಷ್ಣಾ ನೀರಿಗೆ ನ್ಯಾಯಮಂಡಳಿ ಇದೆ, ಸಮುದ್ರದ ಮೀನಿಗೆ ಯಾಕಿಲ್ಲ?

ಪ್ರಶ್ನೆ: ನಾನು ಬೀಳಗಿ ತಾಲ್ಲೂಕಿನವ. ನಮ್ಮ ಹಳೇ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ಕೃಷ್ಣಾ ನೀರು ಯಾರಿಗೆಷ್ಟು ಅಂತ ಹೇಳಲು ನ್ಯಾಯಮಂಡಳಿ ಇದೆ. ಸಮುದ್ರದ ಮೀನು ಯಾವ ದೇಶಕ್ಕೆಷ್ಟು ಅಂತ ಹೇಳುವವರು ಯಾರೂ ಇಲ್ಲವೇ? ಗಡಿ ಗೊತ್ತಿದ್ದರೂ ಶ್ರೀಲಂಕಾದವರು ನಮ್ಮ ಮೀನುಗಾರರನ್ನು ಹಿಡಿದ ಸುದ್ದಿ ನಿಲ್ಲುವುದೇ ಇಲ್ಲ. ತಪ್ಪು ಯಾರದು? ಮೀನು ಕಡಿಮೆಯಾಗಿದ್ದಕ್ಕೆ ಜಗಳವೋ, ಜಗಳದಿಂದ ಮೀನು ಕಡಿಮೆಯಾಯ್ತೋ? ಇನ್ನೊಂದು ಸಣ್ಣ ಪ್ರಶ್ನೆ. ಬೆಳಗಾವಿಯ ಅಕ್ಕನ ಮನೆಗೆ ಜೂನ್ ತಿಂಗಳಲ್ಲಿ ಹೋದರೂ ಬಂಗಡೆ ಸಾರು ಇರುತ್ತದೆ. ಆಗ ಮೀನುಗಾರಿಕೆ ಬಂದ್ ಅಲ್ವಾ?

ಉತ್ತರ: ನಮಸ್ಕಾರ್ರೀ. ವಿಜಯಪುರದಲ್ಲಿ ಕೂತು ಸಮುದ್ರದ ಮೀನಿನ ಬಗ್ಗೆ ಮಾತಾಡುವವನನ್ನು ಕಂಡರೆ ನಮ್ಮ ಓಣಿಯವರೇ ನಗುತ್ತಾರೆ. ಮೀನುಗಾರಿಕೆ ವಿಜ್ಞಾನ ಓದಿದ್ದು ಮಂಗಳೂರಿನಲ್ಲಿ, ಊರು ಮಾತ್ರ ಇದೇ. ಹೀಗಾಗಿ ಕೃಷ್ಣೆಯಿಂದ ಶುರುವಾದ ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ನಾನೂ ಅಲ್ಲಿಂದಲೇ ಹೊರಡುತ್ತೇನೆ.

ಬಚಾವತ್ ನ್ಯಾಯಮಂಡಳಿ 1973ರಲ್ಲಿ ಮಾಡಿದ್ದು ಏನು? ನೂರು ವರ್ಷದಲ್ಲಿ 75 ವರ್ಷ ಕೃಷ್ಣೆಯಲ್ಲಿ ಇಷ್ಟು ನೀರಂತೂ ಇದ್ದೇ ಇರುತ್ತದೆ ಅಂತ ಒಂದು ಲೆಕ್ಕ ಹಿಡಿಯಿತು. 2060 ಟಿಎಂಸಿ. ಅದರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಅಂತ ಹಂಚಿತು. ಆಮೇಲೂ ತಕರಾರು ಮುಗಿಯಲಿಲ್ಲ, ಆ ಮಾತು ಬೇರೆ. ಆಲಮಟ್ಟಿ ಎತ್ತರವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಇಷ್ಟೆಲ್ಲ ಜಗಳದ ನಡುವೆಯೂ ಇವತ್ತು ಡ್ಯಾಮಿನಲ್ಲಿ ಎಷ್ಟು ನೀರಿದೆ ಅನ್ನುವುದರ ಬಗ್ಗೆ ಯಾರೂ ವಾದ ಮಾಡುವುದಿಲ್ಲ. ಗೋಡೆಯ ಮೇಲಿನ ಅಳತೆ ಓದಿದರೆ ಮುಗಿಯಿತು. ಇನ್ನೊಂದು ಅನುಕೂಲವೂ ಇದೆ. ಈ ವರ್ಷ ಎಲ್ಲ ರಾಜ್ಯಗಳೂ ಸೇರಿ ಕೊನೆಯ ಹನಿಯವರೆಗೂ ಬಳಸಿದರೂ ಮುಂದಿನ ವರ್ಷ ಮಹಾಬಳೇಶ್ವರದಲ್ಲಿ ಮಳೆ ಬಿದ್ದೇ ಬೀಳುತ್ತದೆ.

ಮೀನಿಗೆ ಈ ಎರಡೂ ಅನುಕೂಲ ಇಲ್ಲ. ಎಷ್ಟಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಈ ವರ್ಷ ಪೂರ್ತಿ ಬಾಚಿದರೆ ಮುಂದಿನ ವರ್ಷ ಮೊಟ್ಟೆ ಇಡುವವರೇ ಇರುವುದಿಲ್ಲ. ಅಂದರೆ ಹಂಚುವ ಮೊದಲು ಎಣಿಸಬೇಕು, ಎಣಿಸಿದ ಮೇಲೂ ಒಂದು ಭಾಗವನ್ನು ಯಾರಿಗೂ ಕೊಡದೆ ನೀರಲ್ಲೇ ಬಿಡಬೇಕು. ದೇಶ ದೇಶಗಳ ಜಗಳವೆಲ್ಲ ಹಂಚುವುದರ ಮೇಲೆ ನಡೆಯುತ್ತದೆ. ಎಣಿಸುವ ಕೆಲಸಕ್ಕೆ ಯಾರಿಗೂ ಪುರಸೊತ್ತಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದೇ.

ಎಣಿಸುವುದು ಹೇಗೆ ಅಂತ ಕೇಳಬಹುದು. ನಮ್ಮ ದೇಶದಲ್ಲಿ 1947ರಲ್ಲಿ ಶುರುವಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಕೆಲಸ ಮಾಡುತ್ತದೆ. ಅವರ ಸಿಬ್ಬಂದಿ ಆಯ್ದ ಬಂದರುಗಳಲ್ಲಿ ಆಯ್ದ ದಿನ ಹೋಗಿ ಕೂರುತ್ತಾರೆ. ಎಷ್ಟು ಬೋಟ್ ಬಂತು, ಯಾವ ಬಲೆ, ಬುಟ್ಟಿಯಲ್ಲಿ ಯಾವ ಮೀನು, ಎಷ್ಟುದ್ದ ಅಂತ ಬರೆದುಕೊಳ್ಳುತ್ತಾರೆ. ಕೆಲವು ಮೀನುಗಳ ತಲೆ ಸೀಳಿ ಕಿವಿಯ ಒಳಗಿನ ಕಲ್ಲು ತೆಗೆಯುತ್ತಾರೆ. ಜೋಳದ ಕಾಳಿಗಿಂತ ಚಿಕ್ಕದಿರಬಹುದು, ಬಿಳಿ ಬಣ್ಣ, ಅಂಚಿನಲ್ಲಿ ಸ್ವಲ್ಪ ಹಲ್ಲು ಹಲ್ಲು. ಅದನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಒಳಗೆ ಉಂಗುರ ಕಾಣುತ್ತವೆ. ತಣ್ಣನೆ ಸಮುದ್ರದ ಮೀನಾದರೆ ವರ್ಷಕ್ಕೊಂದು ಉಂಗುರ. ಎಣಿಸಿದರೆ ವಯಸ್ಸು ಸಿಕ್ಕಿತು. ಬಲೆಗೆ ಬೀಳುವ ಮೀನುಗಳಲ್ಲಿ ವಯಸ್ಸಾದವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ ಅಂದರೆ ಅಪಾಯ ಅಂತ ಅರ್ಥ. ಇಷ್ಟೆಲ್ಲ ಮಾಡಿದರೂ ಬರುವುದು ಅಂದಾಜು. ಈ ಅಂದಾಜಿನ ಸಂದಿಯಲ್ಲೇ ರಾಜಕೀಯ ನುಸುಳುವುದು.

ಈಗ ನ್ಯಾಯಮಂಡಳಿಯ ಮಾತು. ಇಲ್ಲ ಅಂತಲ್ಲ, ಇದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ ಇದೆ, 21 ನ್ಯಾಯಾಧೀಶರಿದ್ದಾರೆ. ಅದರ ಹಿಂದೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಇದೆ. ಅದು ಜಾರಿಗೆ ಬಂದದ್ದು 1994ರಲ್ಲಿ. ದಡದಿಂದ 12 ನಾಟಿಕಲ್ ಮೈಲಿ ಆ ದೇಶದ್ದೇ ನೀರು. 200 ಮೈಲಿವರೆಗೆ, ಅಂದರೆ ಸುಮಾರು 370 ಕಿಲೋಮೀಟರ್, ಮೀನಿನ ಮೇಲೆ ಆ ದೇಶದ ಹಕ್ಕು. ಅದರಾಚೆ ಯಾರದೂ ಅಲ್ಲದ ಸಮುದ್ರ. ಹಕ್ಕಿನ ಜೊತೆ ಹೊಣೆಯೂ ಇದೆ: ಎಷ್ಟು ಹಿಡಿಯಬಹುದು ಅಂತ ಆ ದೇಶವೇ ಲೆಕ್ಕ ಹಾಕಬೇಕು. ಆದರೆ ಒಂದೇ ಮೀನು ಎರಡು ದೇಶದ ನೀರಿನಲ್ಲಿ ಓಡಾಡುತ್ತಿದ್ದರೆ? ಇಬ್ಬರೂ ಕೂಡಿ ಒಪ್ಪಂದಕ್ಕೆ ಬರಲು ‘ಪ್ರಯತ್ನಿಸಬೇಕು’ ಅನ್ನುತ್ತದೆ ಕಾನೂನು. ಪ್ರಯತ್ನ ಮಾಡಿದ್ವಿ, ಆಗಲಿಲ್ಲ ಅಂದರೆ ಮುಂದೇನು? ಅಲ್ಲಿಗೆ ಕಾನೂನು ಬಹುಪಾಲು ಕೈಚೆಲ್ಲುತ್ತದೆ.

ತೀರ್ಪು ಬಂದರೂ ಅದನ್ನು ನಡೆಸಿಕೊಡುವ ಪೊಲೀಸರಿಲ್ಲ. ದಕ್ಷಿಣ ಚೀನಾ ಸಮುದ್ರದ ವಿಷಯದಲ್ಲಿ ಫಿಲಿಪ್ಪೀನ್ಸ್ ಹೂಡಿದ ಕೇಸಿನಲ್ಲಿ 2016ರ ಜುಲೈ 12ರಂದು ತೀರ್ಪು ಬಂತು. ಚೀನಾದ ಹಕ್ಕಿನ ಗೆರೆಗೆ ಕಾನೂನಿನ ಆಧಾರ ಇಲ್ಲ ಅಂತ ಆಯಿತು. ಚೀನಾ ಅದನ್ನು ಒಪ್ಪಲೇ ಇಲ್ಲ. ನಾವು ಭಾರತದವರು ಈ ವಿಷಯದಲ್ಲಿ ಸ್ವಲ್ಪ ಹೆಮ್ಮೆ ಪಡಬಹುದು. ಬಂಗಾಳ ಕೊಲ್ಲಿಯ 25,602 ಚದರ ಕಿಲೋಮೀಟರ್ ಬಗ್ಗೆ ಬಾಂಗ್ಲಾದೇಶದ ಜೊತೆ ತಕರಾರಿತ್ತು. 2014ರಲ್ಲಿ ಅದರಲ್ಲಿ 19,467 ಚದರ ಕಿಲೋಮೀಟರ್ ಬಾಂಗ್ಲಾಕ್ಕೆ ಹೋಯಿತು. ಭಾರತ ಸುಮ್ನೆ ಒಪ್ಪಿಕೊಂಡಿತು.

ಈ 200 ಮೈಲಿ ಅನ್ನುವುದು ಆಕಾಶದಿಂದ ಬಿದ್ದದ್ದಲ್ಲ. ಅದರ ಹಿಂದೆ ಬಹಳ ಬಡಿದಾಟ ಇದೆ. ಹಿಂದೆ ದಡದಿಂದ 3 ಮೈಲಿ ದಾಟಿದರೆ ಸಮುದ್ರ ಎಲ್ಲರದೂ ಆಗಿತ್ತು. ಐಸ್‌ಲ್ಯಾಂಡ್ ಅಂತ ಒಂದು ಪುಟ್ಟ ದೇಶ. ಆಗ ಜನಸಂಖ್ಯೆ ಎರಡು ಲಕ್ಷದ ಚಿಲ್ಲರೆ, ಅಂದರೆ ಇವತ್ತಿನ ನಮ್ಮ ವಿಜಯಪುರ ನಗರಕ್ಕಿಂತ ಕಡಿಮೆ. ಸೈನ್ಯವೇ ಇಲ್ಲ. ಬದುಕು ನಿಂತದ್ದು ಕಾಡ್ ಅನ್ನುವ ಮೀನಿನ ಮೇಲೆ. ಬ್ರಿಟನ್ನಿನ ದೊಡ್ಡ ಬೋಟುಗಳು ಬಂದು ಅದನ್ನು ಬಾಚಿಕೊಂಡು ಹೋಗುತ್ತಿದ್ದವು. ಐಸ್‌ಲ್ಯಾಂಡ್ 1958ರಲ್ಲಿ 12 ಮೈಲಿ ನಮ್ಮದು ಅಂದಿತು. 1972ರಲ್ಲಿ 50 ಅಂದಿತು. 1975ರಲ್ಲಿ 200 ಅಂದಿತು. ಮೂರು ಸಲವೂ ಬ್ರಿಟನ್ ತನ್ನ ಯುದ್ಧನೌಕೆ ಕಳಿಸಿತು.

ಐಸ್‌ಲ್ಯಾಂಡಿನ ಹತ್ತಿರ ಇದ್ದದ್ದು ಕರಾವಳಿ ಕಾವಲಿನ ಬೆರಳೆಣಿಕೆಯ ಹಡಗುಗಳು, ಮತ್ತೆ ಒಂದು ಉಪಾಯ. ಟ್ರಾಲ್ ಬೋಟು ಬಲೆ ಎಳೆಯುವುದು ಎರಡು ಉದ್ದನೆಯ ಉಕ್ಕಿನ ಹಗ್ಗದಿಂದ. ಬಲೆ ತಳದಲ್ಲಿರುತ್ತದೆ, ಹಗ್ಗ ಬೋಟಿನ ಹಿಂದೆ ಓರೆಯಾಗಿ ನೀರೊಳಗೆ ಇಳಿದಿರುತ್ತದೆ. ಇವರು ಕೊಕ್ಕೆಯಂಥ ಕತ್ತರಿ ಮಾಡಿಸಿ, ಅದನ್ನು ತಮ್ಮ ಹಡಗಿನ ಹಿಂದೆ ತಂತಿಗೆ ಕಟ್ಟಿ ಎಳೆದುಕೊಂಡು ಬ್ರಿಟಿಷ್ ಬೋಟಿನ ಬೆನ್ನ ಹಿಂದೆ ಅಡ್ಡ ಹಾಯುತ್ತಿದ್ದರು. ಕೊಕ್ಕೆಗೆ ಹಗ್ಗ ಸಿಕ್ಕಿ ಕಟ್ಟಾಯಿತು ಅಂದರೆ ಬಲೆಯೂ ಹೋಯಿತು, ಅದರೊಳಗಿನ ಮೀನೂ ಹೋಯಿತು. ಮೊದಲ ಸಲ ಕತ್ತರಿಸಿದ್ದು 1972ರ ಸೆಪ್ಟೆಂಬರಿನಲ್ಲಿ. ಬರೀ ಹೆದರಿಸಲು ಗುಂಡು ಹಾರಿಸುವುದಕ್ಕಿಂತ ಇದು ಪರಿಣಾಮಕಾರಿಯಾಯಿತು, ಯಾಕೆಂದರೆ ಬೋಟಿನ ಮಾಲೀಕನ ಜೇಬಿಗೇ ಕತ್ತರಿ. ಕೊನೆಗೆ ಐಸ್‌ಲ್ಯಾಂಡ್ ಇನ್ನೊಂದು ಪಟ್ಟು ಹಾಕಿತು. ಅಮೆರಿಕ, ಬ್ರಿಟನ್ ಇರುವ ನ್ಯಾಟೋ ಸೈನಿಕ ಕೂಟ ಬಿಡುತ್ತೇವೆ, ಕೆಫ್ಲಾವಿಕ್‌ನ ಅಮೆರಿಕನ್ ನೆಲೆಯ ಬಾಗಿಲು ಮುಚ್ಚುತ್ತೇವೆ ಅಂದಿತು. ಸೋವಿಯತ್ ಜಲಾಂತರ್ಗಾಮಿಗಳ ಮೇಲೆ ಕಣ್ಣಿಡುವ ಜಾಗ ಅದು. 1976ರ ಜೂನ್‌ನಲ್ಲಿ ಬ್ರಿಟನ್ ಸೋತು ಒಪ್ಪಿಕೊಂಡಿತು. ಹಲ್, ಗ್ರಿಮ್ಸ್‌ಬಿ ಅನ್ನುವ ಬ್ರಿಟನ್ನಿನ ಬಂದರು ಊರುಗಳಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ಅವರದೂ ನೋವೇ.

ಈ ಕಥೆಯನ್ನು ಎಲ್ಲರೂ ಚಿಕ್ಕ ದೇಶ ಗೆದ್ದ ಕಥೆಯಾಗಿ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಆಸಕ್ತಿ ಇರುವುದು ಆಮೇಲೆ ನಡೆದದ್ದರಲ್ಲಿ. ಬ್ರಿಟನ್ ಹೋದ ಮೇಲೆ ಐಸ್‌ಲ್ಯಾಂಡಿನವರೇ ಹೊಸ ಬೋಟು ಕಟ್ಟಿಸಿದರು, ಹಿಡಿದರು, ಇನ್ನೂ ಹಿಡಿದರು. ಮೀನು ಮತ್ತೆ ಇಳಿಯಿತು. 1984ರಲ್ಲಿ ಬೋಟಿಗೆ ಇಷ್ಟೇ ಅಂತ ಕೋಟಾ ಕಟ್ಟಿದ ಮೇಲೆಯೇ ಹದಕ್ಕೆ ಬರಲು ಶುರುವಾದದ್ದು.

ಕೆನಡಾಕ್ಕೆ ಆ ಹೊತ್ತಿಗೆ ಬುದ್ಧಿ ಬರಲಿಲ್ಲ. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸುತ್ತಲ ಸಮುದ್ರ ಐನೂರು ವರ್ಷ ಯುರೋಪಿಗೆ ಮೀನು ಉಣಿಸಿದ ಜಾಗ. 1960ರ ದಶಕದಲ್ಲಿ ಸೋವಿಯತ್, ಸ್ಪೇನ್, ಪೋರ್ಚುಗಲ್, ಜರ್ಮನಿಗಳ ತೇಲುವ ಕಾರ್ಖಾನೆಗಳೇ ಬಂದು ನಿಂತವು. 1968ರಲ್ಲಿ ಅಲ್ಲಿನ ಕಾಡ್ ಹಿಡಿತ ಎಂಟು ಲಕ್ಷ ಟನ್ ಮುಟ್ಟಿತು. ಕೆನಡಾ 1977ರಲ್ಲಿ 200 ಮೈಲಿ ಗೆರೆ ಹಾಕಿ ಹೊರಗಿನವರನ್ನು ಓಡಿಸಿತು. ಇನ್ನು ಮೀನೆಲ್ಲ ನಮ್ಮದೇ ಅಂತ ಸಾಲ ಕೊಟ್ಟು, ಸಬ್ಸಿಡಿ ಕೊಟ್ಟು ತನ್ನದೇ ಟ್ರಾಲ್ ಬೋಟು ಬೆಳೆಸಿತು. ದಡದ ಸಣ್ಣ ಮೀನುಗಾರರು ಮೀನು ಸಿಗುತ್ತಿಲ್ಲ, ಸಿಕ್ಕರೂ ಸಣ್ಣವು ಅಂತ ಹೇಳುತ್ತಲೇ ಇದ್ದರು. ಸರ್ಕಾರದ ಲೆಕ್ಕ ಬೇರೆ ಹೇಳುತ್ತಿತ್ತು. ದೊಡ್ಡ ಬೋಟುಗಳಿಗೆ ಗಂಟೆಗೆ ಸಿಗುವ ಮೀನು ಕಡಿಮೆಯೇ ಆಗಿರಲಿಲ್ಲ. ಯಾಕೆ ಗೊತ್ತಾ? ಕಾಡ್ ಮೀನಿನ ಸಂಖ್ಯೆ ಇಳಿದಾಗ ಉಳಿದವು ಒಂದೇ ಕಡೆ ಒತ್ತಾಗಿ ಗುಂಪು ಸೇರಿದವು. ದೊಡ್ಡ ಬೋಟಿಗೆ ಗುಂಪು ಹುಡುಕುವ ಯಂತ್ರ ಇತ್ತು. ಕೊನೆಯ ಗುಂಪು ಸಿಗುವವರೆಗೂ ಬಲೆ ಭರ್ತಿಯಾಗಿಯೇ ಬಂತು.

1992ರ ಜುಲೈ 2ರಂದು ಕೆನಡಾ ಸರ್ಕಾರ ಅಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಜನ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆ ಅಂತ ಹಾಕಿದ ತಡೆ ತೆಗೆದದ್ದು 2024ರಲ್ಲಿ, ಅದೂ ಅಷ್ಟಿಷ್ಟು ಹಿಡಿಯಲು ಮಾತ್ರ. ನಡುವೆ 1995ರಲ್ಲಿ ಕೆನಡಾ ಸ್ಪೇನಿನ ‘ಎಸ್ತಾಯ್’ ಅನ್ನುವ ಬೋಟನ್ನು ಬೆನ್ನಟ್ಟಿ ಹಿಡಿಯಿತು. ಅದು ಇದ್ದದ್ದು 200 ಮೈಲಿ ಗೆರೆಯ ಹೊರಗೆ. ಅದರ ಬಲೆಯನ್ನು ನ್ಯೂಯಾರ್ಕಿಗೆ ಒಯ್ದು ವಿಶ್ವಸಂಸ್ಥೆಯ ಎದುರಿನ ನದಿಯಲ್ಲಿ ಕ್ರೇನಿಗೆ ನೇತುಹಾಕಿ, ಕಣ್ಣು ಎಷ್ಟು ಸಣ್ಣದಿದೆ ನೋಡಿ ಅಂತ ಕೆನಡಾದ ಮಂತ್ರಿ ಪತ್ರಕರ್ತರಿಗೆ ತೋರಿಸಿದರು. ಒಳ್ಳೆಯ ನಾಟಕ. ಆದರೆ ಆ ಹೊತ್ತಿಗೆ ಮನೆಯೊಳಗಿನ ಮೀನನ್ನು ತಾವೇ ಮುಗಿಸಿ ಆಗಿತ್ತು. ಆ ಗದ್ದಲದಿಂದ ಒಂದು ಲಾಭವೂ ಆಯಿತೆನ್ನಿ. ಗೆರೆಯ ಒಳಗೂ ಹೊರಗೂ ಓಡಾಡುವ ಮೀನಿನ ಬಗ್ಗೆ ಅದೇ ವರ್ಷ ವಿಶ್ವಸಂಸ್ಥೆಯಲ್ಲಿ ಬೇರೆ ಒಪ್ಪಂದ ಆಯಿತು.

ಜಗಳ ಮೊದಲೋ ಕೊರತೆ ಮೊದಲೋ ಅಂತ ಕೇಳಿದ್ದಿರಿ. ನಾನು ನೋಡಿದ ಹಾಗೆ ಮೊದಲು ಬರುವುದು ಬೋಟು. ಬೋಟು ಜಾಸ್ತಿಯಾದರೆ ಮೀನು ಕಡಿಮೆಯಾಗುತ್ತದೆ, ಆಮೇಲೆ ಜಗಳ. ಜಗಳ ಶುರುವಾದರೆ ನಾವು ಬಿಟ್ಟದ್ದನ್ನು ಅವರು ಹಿಡಿಯುತ್ತಾರೆ ಅನ್ನುವ ಹೊಟ್ಟೆಯುರಿಯಿಂದ ಇಬ್ಬರೂ ಇನ್ನಷ್ಟು ಹಿಡಿಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ 1974ರಲ್ಲಿ ಜಗತ್ತಿನ ನೂರು ಮೀನು ಸಂತತಿಗಳಲ್ಲಿ ಹತ್ತು ಮಾತ್ರ ಮಿತಿಮೀರಿ ಹಿಡಿದವಾಗಿದ್ದವು. 2021ಕ್ಕೆ ಅದು 37 ದಾಟಿದೆ. ಗೆರೆ ಎಲ್ಲ ಕಡೆ ಹಾಕಿ ಮುಗಿದ ಮೇಲೆಯೂ ಇಷ್ಟು ಏರಿದೆ ಅನ್ನುವುದನ್ನು ಗಮನಿಸಿ.

ಈಗ ತಮಿಳುನಾಡು, ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಗೆ ಬರೋಣ. ತಪ್ಪು ಯಾರದು ಅಂತ ನೇರವಾಗಿ ಕೇಳಿದ್ದೀರಿ, ನಾನೂ ಸುತ್ತಿ ಬಳಸಿ ಹೇಳುವುದಿಲ್ಲ. ಗೆರೆ ದಾಟುತ್ತಿರುವುದು ಬಹುಪಾಲು ನಮ್ಮ ಟ್ರಾಲ್ ಬೋಟುಗಳೇ. ಆದರೆ ಆ ಬೋಟಿನಲ್ಲಿ ಕೂಲಿಗೆ ಹೋಗಿ ಸಿಕ್ಕಿಬೀಳುವವನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ.

ಜಾಗ ನೋಡಿ. ಧನುಷ್ಕೋಡಿಯಿಂದ ಶ್ರೀಲಂಕಾದ ತಲೈಮನ್ನಾರಿಗೆ ಸುಮಾರು 30 ಕಿಲೋಮೀಟರ್. ಬಾಗಲಕೋಟೆಯಿಂದ ಬೀಳಗಿಗೆ ಹೋದಷ್ಟು ದೂರ ಅಂದುಕೊಳ್ಳಿ. ಇಲ್ಲಿ 200 ಮೈಲಿ ಎಲ್ಲಿಂದ ತರುತ್ತೀರಿ? ಅದಕ್ಕೆ 1974ರಲ್ಲಿ ಎರಡೂ ದೇಶ ಕೂಡಿ ನಡುವೆ ಗೆರೆ ಎಳೆದವು. 285 ಎಕರೆಯ ಕಚ್ಚತೀವು ದ್ವೀಪ ಆ ಕಡೆ ಹೋಯಿತು. 1976ರಲ್ಲಿ ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯುವಂತಿಲ್ಲ ಅಂತ ಪತ್ರ ವಿನಿಮಯ ಆಯಿತು. ರಾಜಕಾರಣಿಗಳು ಚುನಾವಣೆಗೊಮ್ಮೆ ಕಚ್ಚತೀವು ಎತ್ತುತ್ತಾರೆ. ನಾಳೆ ಬೆಳಗ್ಗೆ ಆ ದ್ವೀಪ ನಮಗೆ ವಾಪಸ್ ಬಂದರೂ ಮೀನುಗಾರರ ಸಮಸ್ಯೆ ತೀರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ನಮ್ಮ ಬೋಟುಗಳು ಅದನ್ನು ದಾಟಿ ಇನ್ನೂ ಆಚೆ, ಜಾಫ್ನಾ ದಡದ ಹತ್ತಿರದವರೆಗೆ ಹೋಗುತ್ತವೆ.

ಯಾಕೆ ಹೋಗುತ್ತವೆ? 1950ರ ದಶಕದಲ್ಲಿ ನಾರ್ವೆಯ ನೆರವಿನಿಂದ ಕೇರಳದಲ್ಲಿ ಯಂತ್ರದ ಬೋಟು, ಟ್ರಾಲ್ ಬಲೆ ಬಂತು. ಸೀಗಡಿಗೆ ಹೊರದೇಶದಲ್ಲಿ ಬಂಗಾರದ ಬೆಲೆ ಇತ್ತು. ಸರ್ಕಾರ ಸಬ್ಸಿಡಿ ಕೊಟ್ಟಿತು. ತಮಿಳುನಾಡಿನ ಆ ಕಿರಿದಾದ ಕೊಲ್ಲಿಯಲ್ಲಿ ಟ್ರಾಲ್ ಬೋಟು ಸಾವಿರದ ಲೆಕ್ಕದಲ್ಲಿ ಬೆಳೆದವು. ಟ್ರಾಲ್ ಬಲೆ ಅಂದರೆ ಸಮುದ್ರದ ತಳವನ್ನೇ ಕೆರೆದುಕೊಂಡು ಬರುವ ಚೀಲ. ಬೇಕಾದ ಸೀಗಡಿಯ ಜೊತೆ ಬೇಡದ ಮರಿಮೀನು, ಏಡಿ, ಹುಲ್ಲು, ಎಲ್ಲ ಬರುತ್ತದೆ. ದಡದ ಹತ್ತಿರದ ಕೆಲವು ಮೈಲಿ ನಾಡದೋಣಿಯವರಿಗೆ ಮೀಸಲು. ಅಲ್ಲಿಂದ ಗೆರೆವರೆಗೆ ಉಳಿಯುವ ಪಟ್ಟಿ ಸಣ್ಣದು, ಅದೂ ಕೆರೆದು ಕೆರೆದು ಬರಿದಾಗಿದೆ. ಇತ್ತ 1983ರಿಂದ 2009ರವರೆಗೆ ಶ್ರೀಲಂಕಾದಲ್ಲಿ ಅಂತರ್ಯುದ್ಧ. ಉತ್ತರದ ತಮಿಳು ಮೀನುಗಾರರಿಗೆ ಸಮುದ್ರಕ್ಕೆ ಇಳಿಯಲು ಅಲ್ಲಿನ ಸೈನ್ಯ ಬಿಡುತ್ತಿರಲಿಲ್ಲ. ಆ ನೀರಿನಲ್ಲಿ ಮೀನು ಉಳಿದಿತ್ತು, ಹಿಡಿಯುವವರು ಇರಲಿಲ್ಲ. ನಮ್ಮ ಬೋಟುಗಳು ಹೋದವು. ಒಂದು ತಲೆಮಾರು ಅದನ್ನೇ ದಾರಿ ಮಾಡಿಕೊಂಡಿತು.

ಯುದ್ಧ ಮುಗಿದ ಮೇಲೆ ಆ ಕಡೆಯವರು ವಾಪಸ್ ಬಂದರು. ಸಣ್ಣ ದೋಣಿ, ನೀರಲ್ಲಿ ಗೋಡೆಯ ಹಾಗೆ ಇಳಿಬಿಡುವ ನೈಲಾನ್ ಬಲೆ, ಅದಕ್ಕೆ ಮಾಡಿದ ಸಾಲ. ಸಂಜೆ ಬಲೆ ಬಿಟ್ಟು ರಾತ್ರಿ ಕಾಯುತ್ತಾರೆ. ಕತ್ತಲಲ್ಲಿ ಟ್ರಾಲ್ ಬೋಟು ಹಾಯ್ದು ಹೋದರೆ ಬೆಳಿಗ್ಗೆ ಸಿಗುವುದು ಹರಿದ ಚೂರು. ಹೀಗಾಗಿ ನಮ್ಮ ಬೋಟುಗಳು ಬರುವ ರಾತ್ರಿ ಅವರು ಬಲೆಯನ್ನೇ ಬಿಡುವುದಿಲ್ಲ. ಅಂದರೆ ವಾರದಲ್ಲಿ ಅಷ್ಟು ದಿನ ದುಡಿಮೆ ಇಲ್ಲ. ಎರಡೂ ಕಡೆ ಇರುವವರು ತಮಿಳರು. ಹಬ್ಬ ಒಂದೇ, ಕಚ್ಚತೀವಿನ ಅಂತೋಣಿಯಾರ್ ಚರ್ಚಿನ ಜಾತ್ರೆಗೆ ಇಬ್ಬರೂ ಹೋಗುತ್ತಾರೆ. ನಮ್ಮ ಕಡೆಯ ಪೇಪರುಗಳಲ್ಲಿ ಈ ಅರ್ಧ ಕಥೆ ಬರುವುದು ಬಹಳ ಕಡಿಮೆ. ಶ್ರೀಲಂಕಾ 2017ರಲ್ಲಿ ತಳ ಕೆರೆಯುವ ಮೀನುಗಾರಿಕೆಯನ್ನೇ ಕಾನೂನು ಮಾಡಿ ನಿಲ್ಲಿಸಿತು, ಅದಕ್ಕೆ ಒತ್ತಾಯ ಮಾಡಿದ್ದು ಅಲ್ಲಿನ ತಮಿಳು ಪ್ರತಿನಿಧಿಗಳೇ.

ಹಾಗಂತ ಶ್ರೀಲಂಕಾ ನೌಕಾಪಡೆ ಮಾಡಿದ್ದೆಲ್ಲ ಸರಿ ಅಂತಲ್ಲ. ಗುಂಡೇಟಿಗೆ ನಮ್ಮ ಮೀನುಗಾರರು ಸತ್ತಿದ್ದಾರೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. 1982ರ ಒಪ್ಪಂದದ 73ನೇ ವಿಧಿ ನೋಡಿದರೆ, 200 ಮೈಲಿ ವಲಯದಲ್ಲಿ ಮೀನು ಹಿಡಿದ ತಪ್ಪಿಗೆ ಹೊರದೇಶದವರನ್ನು ಜೈಲಿಗೆ ಹಾಕುವಂತಿಲ್ಲ. ದಂಡ ಹಾಕಬಹುದು, ಜಾಮೀನು ಕಟ್ಟಿದರೆ ಬೋಟನ್ನೂ ಜನರನ್ನೂ ಬೇಗ ಬಿಡಬೇಕು. ಆದರೆ ಪಾಕ್ ಕೊಲ್ಲಿಯನ್ನು ಎರಡೂ ದೇಶ ತಮ್ಮ ಐತಿಹಾಸಿಕ ನೀರು ಅಂತಲೇ ನೋಡಿಕೊಂಡು ಬಂದಿವೆ, ಹೀಗಾಗಿ ಆ ವಿಧಿ ಅಲ್ಲಿ ನೇರವಾಗಿ ಕೂರುವುದಿಲ್ಲ. ಗುಜರಾತಿನ ಕಡೆ ಇನ್ನೂ ಕಷ್ಟ. ಸರ್ ಕ್ರೀಕ್ ಅನ್ನುವ ಅಳಿವೆಯ ಹತ್ತಿರ ಪಾಕಿಸ್ತಾನದ ಜೊತೆ ಗಡಿಯೇ ತೀರ್ಮಾನವಾಗಿಲ್ಲ. ಭಾರತ, ಪಾಕಿಸ್ತಾನ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ತಮ್ಮ ಜೈಲಿನಲ್ಲಿರುವ ಕೈದಿಗಳ ಪಟ್ಟಿಯನ್ನು ಪರಸ್ಪರ ಕೊಡುತ್ತವೆ. ಅದರಲ್ಲಿ ಮೀನುಗಾರರದೇ ಬೇರೆ ಪಟ್ಟಿ ಇರುತ್ತದೆ. ಅಂಥ ಒಂದು ಕಾಲಂ ಬೇಕಾಗಿರುವುದೇ ನಾಚಿಕೆಯ ಮಾತು.

ಪರಿಹಾರ? ಪಾಕ್ ಕೊಲ್ಲಿಯಲ್ಲಿ ಟ್ರಾಲ್ ಬೋಟು ಕಡಿಮೆಯಾಗಲೇಬೇಕು, ಬೇರೆ ದಾರಿ ಕಾಣುವುದಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಒಂದು ಯೋಜನೆ ತಂತು. ಟ್ರಾಲ್ ಬೋಟು ಬಿಟ್ಟುಕೊಟ್ಟರೆ ಆಳ ಸಮುದ್ರದಲ್ಲಿ ಕೇದರ, ಅಂದರೆ ಟ್ಯೂನಾ ಹಿಡಿಯುವ ಬೋಟಿಗೆ ನೆರವು. ಒಂದು ಬೋಟಿಗೆ ಸುಮಾರು 80 ಲಕ್ಷ, ಅದರಲ್ಲಿ ಬಹುಪಾಲು ಸಬ್ಸಿಡಿ. ಮುಂದೆ ಬಂದವರು ಕಡಿಮೆ. ಬೆಳಗ್ಗೆ ಹೋಗಿ ಮರುದಿನ ಬರುವ ಮನುಷ್ಯನಿಗೆ ವಾರಗಟ್ಟಲೆ ಆಳ ಸಮುದ್ರದಲ್ಲಿ ಇರು ಅಂದರೆ ಅದು ಬೇರೆಯೇ ಕಸುಬು. ಜೊತೆಗೆ ಅವನ ಪಾಲಿನ ಸಾಲ. ಕಬ್ಬು ಬೆಳೆಯುವವನಿಗೆ ನಾಳೆಯಿಂದ ದ್ರಾಕ್ಷಿ ಹಚ್ಚು ಅಂದ ಹಾಗೆ. ನನಗೆ ಕೇಳಿದರೆ ಬೋಟನ್ನು ಸರ್ಕಾರವೇ ನ್ಯಾಯವಾದ ಬೆಲೆಗೆ ಕೊಂಡು ಒಡೆಸಬೇಕು, ಹೊಸ ಕಸುಬಿನ ಆಯ್ಕೆಯನ್ನು ಅವನಿಗೇ ಬಿಡಬೇಕು.

ಇಷ್ಟು ಹೇಳಿದ ಮೇಲೆ ಎಲ್ಲಿ ಸರಿಹೋಗಿದೆ ಅಂತಲೂ ಹೇಳಬೇಕು. ಉತ್ತರ ಧ್ರುವದ ಹತ್ತಿರ ಬ್ಯಾರೆಂಟ್ಸ್ ಸಮುದ್ರ ಇದೆ. ಒಂದು ಕಡೆ ನಾರ್ವೆ, ಇನ್ನೊಂದು ಕಡೆ ರಷ್ಯಾ. ಶೀತಲ ಸಮರದ ಕಾಲ, ಒಬ್ಬರ ಮೇಲೊಬ್ಬರು ಕ್ಷಿಪಣಿ ಗುರಿ ಇಟ್ಟುಕೊಂಡ ಕಾಲ. ಅಂಥಾದ್ದರಲ್ಲಿ 1976ರಿಂದ ಎರಡೂ ಕಡೆಯ ವಿಜ್ಞಾನಿಗಳು ಕೂಡಿ ಮೀನು ಎಣಿಸುತ್ತಾರೆ. ಒಂದೇ ಲೆಕ್ಕ. ಆಮೇಲೆ ಜಂಟಿ ಆಯೋಗ ಕೂತು ಕಾಡ್ ಕೋಟಾದಲ್ಲಿ ಹೊರಗಿನವರಿಗೆ ಸ್ವಲ್ಪ ತೆಗೆದಿಟ್ಟು, ಉಳಿದದ್ದನ್ನು ಅರ್ಧ ಅರ್ಧ ಮಾಡುತ್ತದೆ. ಗಡಿ ಗೆರೆ ಅಲ್ಲಿ ತೀರ್ಮಾನವಾದದ್ದು 2010ರಲ್ಲಿ! ಅಂದರೆ ಮೂವತ್ತು ವರ್ಷಕ್ಕೂ ಮೇಲೆ ಗೆರೆ ಇಲ್ಲದೆ ಮೀನು ಹಂಚಿಕೊಂಡರು. 2013ರಲ್ಲಿ ಕೋಟಾ ಹತ್ತು ಲಕ್ಷ ಟನ್ ಮುಟ್ಟಿತ್ತು. ಈಚಿನ ವರ್ಷಗಳಲ್ಲಿ ಮೀನು ಇಳಿದಿದೆ, ಕೋಟಾವನ್ನೂ ಬಹಳ ಇಳಿಸಿದ್ದಾರೆ. ಉಕ್ರೇನ್ ಯುದ್ಧ ಶುರುವಾದ ಮೇಲೂ ಸಭೆ ನಿಲ್ಲಲಿಲ್ಲ.

ಅದೇ ನಾರ್ವೆ ಪಕ್ಕದ ಸಮುದ್ರದಲ್ಲಿ ಬೇರೆ ಮುಖ ತೋರಿಸುತ್ತದೆ. ಅಟ್ಲಾಂಟಿಕ್ ಬಂಗಡೆ 2007ರ ನಂತರ ಉತ್ತರಕ್ಕೆ ಹರಡಿ ಐಸ್‌ಲ್ಯಾಂಡಿನ ನೀರಿಗೂ ಹೋಯಿತು. ನಮ್ಮ ನೀರಿಗೆ ಬಂದ ಮೇಲೆ ನಮಗೂ ಪಾಲು ಬೇಕು ಅಂತ ಐಸ್‌ಲ್ಯಾಂಡ್. ಅದು ನಮ್ಮದೇ ಮೀನು ಅಂತ ನಾರ್ವೆ, ಯುರೋಪಿಯನ್ ಒಕ್ಕೂಟ. ಪ್ರತಿಯೊಬ್ಬರೂ ತಮ್ಮ ಕೋಟಾ ತಾವೇ ಬರೆದುಕೊಂಡರು. ಕೂಡಿಸಿದರೆ ವಿಜ್ಞಾನಿಗಳು ಹೇಳಿದ ಮಿತಿಗಿಂತ ವರ್ಷ ವರ್ಷವೂ ಜಾಸ್ತಿ. 2019ರಲ್ಲಿ ಆ ಬಂಗಡೆಗೆ ಇದ್ದ ಸುಸ್ಥಿರ ಮೀನು ಅನ್ನುವ ಪ್ರಮಾಣಪತ್ರವೂ ಹೋಯಿತು. ಓದಿದವರು, ಉಳ್ಳವರು, ನೆರೆಹೊರೆಯವರು, ಆದರೂ ಹೀಗೆ.

ನಮ್ಮ ಹತ್ತಿರದ ಒಂದು ಒಳ್ಳೆಯ ಉದಾಹರಣೆ ಬಂಗಾಳ ಕೊಲ್ಲಿಯದು. ನಮ್ಮ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೀನುಗಾರಿಕೆಗೆ ರಜೆ. ಬಾಂಗ್ಲಾದೇಶದಲ್ಲಿ ಮೇ 20ರಿಂದ ಜುಲೈ 23ರವರೆಗೆ ಇತ್ತು. ನಾವು ದೋಣಿ ಕಟ್ಟಿ ಕೂತಾಗ ಭಾರತದವರು ಹಿಡಿಯುತ್ತಾರೆ ಅಂತ ಅಲ್ಲಿನ ಮೀನುಗಾರರದು ಒಂದೇ ದೂರು. 2025ರಲ್ಲಿ ಬಾಂಗ್ಲಾದೇಶ ತನ್ನ ರಜೆಯನ್ನು ಏಪ್ರಿಲ್ 15ರಿಂದ ಜೂನ್ 11ಕ್ಕೆ ಬದಲಿಸಿತು. ಕೋರ್ಟಿಲ್ಲ, ಕಚೇರಿಯಿಲ್ಲ, ಬರೀ ಕ್ಯಾಲೆಂಡರ್ ತಿದ್ದಿದ್ದು.

ಸಬ್ಸಿಡಿ ಬಗ್ಗೆ ಎರಡು ಮಾತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2022ರ ಜೂನ್‌ನಲ್ಲಿ ಒಪ್ಪಂದ ಆಯಿತು, 2025ರ ಸೆಪ್ಟೆಂಬರಿನಲ್ಲಿ ಜಾರಿಗೂ ಬಂತು. ಕಳ್ಳ ಮೀನುಗಾರಿಕೆಗೆ, ಈಗಾಗಲೇ ಬರಿದಾದ ಸಂತತಿಗೆ ಸಬ್ಸಿಡಿ ಕೊಡಬಾರದು ಅನ್ನುತ್ತದೆ. ಬೋಟಿನ ಸಂಖ್ಯೆ ಬೆಳೆಸುವ ಸಬ್ಸಿಡಿಯ ಮಾತು ಇನ್ನೂ ಬಾಕಿ ಇದೆ. ಅದರಲ್ಲಿ ಭಾರತ ತನಗೆ 25 ವರ್ಷ ಸಮಯ ಬೇಕು ಅನ್ನುತ್ತದೆ. ಸಮುದ್ರ ಬರಿದು ಮಾಡಿದ್ದು ಶ್ರೀಮಂತ ದೇಶಗಳ ದೊಡ್ಡ ಹಡಗು, ನಮ್ಮವರು ಹೊಟ್ಟೆಪಾಡಿನವರು ಅನ್ನುವುದು ನಮ್ಮ ವಾದ. ಅರ್ಧ ನಿಜ. ನಾಡದೋಣಿಯವನಿಗೆ ಅದು ಸಲ್ಲುತ್ತದೆ. ತೆರಿಗೆಯಿಲ್ಲದ ಡೀಸೆಲ್ ತುಂಬಿಸಿಕೊಂಡು ಹತ್ತು ದಿನ ಸಮುದ್ರದಲ್ಲಿರುವ ಟ್ರಾಲ್ ಬೋಟಿನ ಮಾಲೀಕನಿಗೆ ಅದೇ ವಾದ ಹೇಗೆ ಸಲ್ಲುತ್ತದೆ?

ದೇಶ ದೇಶದ ಮಾತು ಅಂತ ನಾವು ದೂರ ನಿಂತು ನೋಡುವಂತಿಲ್ಲ. ಅಂಬೋಲಿ ಘಾಟ್ ಇಳಿದರೆ ಸಿಂಧುದುರ್ಗ. ಅಲ್ಲಿನ ಮಾಲ್ವಣದ ಮೀನುಗಾರರನ್ನು ಮಾತಾಡಿಸಿದರೆ ಮಲ್ಪೆಯ ದೊಡ್ಡ ಟ್ರಾಲ್ ಬೋಟುಗಳ ಮೇಲೆ ಅವರ ಸಿಟ್ಟು ಗೊತ್ತಾಗುತ್ತದೆ. ನಮ್ಮ ನೀರಿಗೆ ನುಗ್ಗುತ್ತಾರೆ, ಬಲೆ ಹರಿಯುತ್ತಾರೆ ಅನ್ನುತ್ತಾರೆ. ಜಾಫ್ನಾದವರು ಹೇಳುವ ಮಾತೇ. ಅಲ್ಲಿ ಟ್ರಾಲ್ ಬೋಟಿನವರು ತಮಿಳುನಾಡಿನವರು, ಇಲ್ಲಿ ನಾವು. ರಾತ್ರಿ ದೊಡ್ಡ ಎಲ್‌ಇಡಿ ದೀಪ ಹಚ್ಚಿ ಮೀನು ಸೇರಿಸಿ ಬಾಚುವುದನ್ನು, ಎರಡು ಬೋಟು ಕೂಡಿ ಒಂದೇ ಬಲೆ ಎಳೆಯುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಆದರೂ ದೂರು ನಿಂತಿಲ್ಲ. ಹನ್ನೆರಡು ಮೈಲಿವರೆಗೆ ರಾಜ್ಯದ ಕಾನೂನು, ಆಮೇಲೆ ಕೇಂದ್ರದ್ದು. ಗಸ್ತು ತಿರುಗುವ ಬೋಟು ಎರಡರ ಹತ್ತಿರವೂ ಸಾಲದು.

ಕೊನೆಗೆ ಅಕ್ಕನ ಮನೆಯ ಬಂಗಡೆ ಸಾರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ಬೋಟಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರಕ್ಕೂ ಅದೇ ದಿನ. ಆದರೆ ನಾಡದೋಣಿಗಳಿಗೆ ಇದು ಅನ್ವಯಿಸುವುದಿಲ್ಲ, ಸಮುದ್ರ ಸ್ವಲ್ಪ ಶಾಂತವಾದ ದಿನ ಅವರು ಹಿಡಿದದ್ದು ಘಾಟ್ ಹತ್ತಿ ಬೆಳಗಾವಿಗೆ ಬರುತ್ತದೆ. ಅದು ಸ್ವಲ್ಪವೇ. ಜೂನ್ ಅರ್ಧ ಆದ ಮೇಲೆ ಪೂರ್ವ ಕರಾವಳಿ ತೆರೆಯುತ್ತದೆ, ಅಲ್ಲಿಂದ ಲಾರಿ ಬರುತ್ತವೆ. ಉಳಿದದ್ದು ಮೇ ತಿಂಗಳಲ್ಲೇ ಹಿಡಿದು ಕೋಲ್ಡ್ ಸ್ಟೋರೇಜಿನಲ್ಲಿಟ್ಟದ್ದು. ಅಕ್ಕನಿಗೆ ಹೇಳಿ, ಆ ಎರಡು ತಿಂಗಳು ಬಂಗಡೆಯ ಕಿವಿರಿನ ಮುಚ್ಚಳ ಎತ್ತಿ ಒಳಗೆ ನೋಡಿ ತಗೊಳ್ಳಲಿ. ಕೆಂಪಿದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಬದಲು ಆಂಧ್ರದ ಕೆರೆಯ ರೋಹು ಅಥವಾ ಕಾಟ್ಲಾ ತಗೊಳ್ಳುವುದು ವಾಸಿ. ಗೇಣುದ್ದಕ್ಕಿಂತ ಬಹಳ ಚಿಕ್ಕ ಬಂಗಡೆ ಇದ್ದರೆ, ಎಷ್ಟೇ ಅಗ್ಗವಾಗಿರಲಿ, ಬೇಡ ಅನ್ನಲಿ. ಅದು ಇನ್ನೂ ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ.